ಪೀಠದ ಮುಂದೆ ನಿಲ್ಲುವವರಿಗೂ ಪಾಠ ಬೇಕು

ಭಾನುವಾರ ಬೆಳಿಗ್ಗೆ ಬಲಿಪೂಜೆ ಶುರುವಾಗಲು ಐದು ನಿಮಿಷ ಇರುತ್ತದೆ. ಆಗ ಒಂದು ಮಾತು ಕೇಳಿಬರುತ್ತದೆ: "ಇವತ್ತ ವಾಚನ ಯಾರು ಓದ್ತೀರಿ?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೊಬ್ಬಳನ್ನು "ನೀನ ಓದವಾ, ನಿನಗ ಚಲೋ ಓದಾಕ ಬರತೈತಿ" ಎಂದು ಮುಂದೆ ಕಳಿಸುತ್ತಾರೆ. ಆಕೆ ಆ ಪುಟವನ್ನು ಅದಕ್ಕೂ ಮೊದಲು ಒಮ್ಮೆಯೂ ನೋಡಿರುವುದಿಲ್ಲ. ಗಡಬಡಿಸಿ ಓದಿ ಮುಗಿಸಿ, ತಲೆ ತಗ್ಗಿಸಿ ಬಂದು ಕೂರುತ್ತಾಳೆ. ಏನು ಓದಿದಳು ಎಂದು ಅವಳಿಗೂ ತಿಳಿದಿರುವುದಿಲ್ಲ, ಕೇಳಿದವರಿಗೂ ತಿಳಿದಿರುವುದಿಲ್ಲ.

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಕಥೋಲಿಕ ಕ್ರೈಸ್ತರಿರುವ ಊರುಗಳ ಮಂದಿಗೆ ಇದು ಹೊಸ ಸಂಗತಿಯಲ್ಲ. ವಾಚನ ಓದುವವರು, ಕೀರ್ತನೆ ಹಾಡುವವರು, ಪೀಠದ ಬಳಿ ಸೇವೆ ಮಾಡುವ ಮಕ್ಕಳು, ಧರ್ಮೋಪದೇಶ ಹೇಳಿಕೊಡುವ ಅಕ್ಕಂದಿರು, ಗುರುಗಳು ಬಾರದ ವಾರ ಪ್ರಾರ್ಥನೆ ನಡೆಸುವ ಹಿರಿಯರು: ಹಳ್ಳಿಯ ಆರಾಧನೆ ಇವರ ಹೆಗಲ ಮೇಲೆಯೇ ನಿಂತಿದೆ. ಒಬ್ಬ ಯುವಕ ಗುರುವಾಗಬೇಕೆಂದರೆ ಗುರುಮಠದಲ್ಲಿ ಎಂಟು-ಹತ್ತು ವರ್ಷ ಕಲಿಯಬೇಕು. ಇವರಿಗೆ ಮಾತ್ರ ಎಷ್ಟೋ ಕಡೆ ಒಂದು ದಿನದ ಶಿಬಿರವೇ ದೊಡ್ಡದು.

ಇದು ಬದಲಾಗಬೇಕು. ಆರಾಧನೆಯಲ್ಲಿ ಸೇವೆ ಮಾಡುವ ಶ್ರೀಸಾಮಾನ್ಯರಿಗೆ ಸರಿಯಾದ ತರಬೇತಿ ಸಿಗಬೇಕು. ಅದು ಕನ್ನಡದಲ್ಲಿರಬೇಕು, ಅವರ ಊರಿಗೇ ಬರಬೇಕು, ಒಂದು ದಿನಕ್ಕೆ ಮುಗಿಯದೆ ವರ್ಷವಿಡೀ ನಡೆಯಬೇಕು. ಇದು ನಮ್ಮ ಅಭಿಪ್ರಾಯ.

ನಮ್ಮ ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. "ಚರ್ಚಿನ ವಿಷಯ ನಮಗ್ಯಾಕ್ರಿ?" ಎಂದು ಕೆಲವರು ಕೇಳಬಹುದು. ಕನ್ನಡವನ್ನು ಜೋರಾಗಿ, ತಪ್ಪಿಲ್ಲದೆ, ಅರ್ಥವಾಗುವಂತೆ ಓದುವುದು ಹೇಗೆ ಎಂಬ ಪ್ರಶ್ನೆ ಎಲ್ಲರದ್ದೂ ಹೌದು. ಕಲಿಸುವ ಏರ್ಪಾಡೆಲ್ಲ ಪಟ್ಟಣದಲ್ಲೇ ನಿಂತು, ಕೆಲಸವೆಲ್ಲ ಹಳ್ಳಿಯ ಮೇಲೆ ಬೀಳುವುದು ಕೂಡ ಎಲ್ಲರಿಗೂ ಗೊತ್ತಿರುವ ಕಥೆಯೇ. ಅಂಗನವಾಡಿ ಅಕ್ಕನನ್ನು ಕೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಯಾರಿವರು, ಎಲ್ಲಿಯವರು

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ. 1.87. ಅವರಲ್ಲಿ ಬಹುಪಾಲು ಜನ ಕರಾವಳಿ ಮತ್ತು ಬೆಂಗಳೂರಿನ ಕಡೆಯವರು. ನಮ್ಮ ಭಾಗದಲ್ಲಿ ಸಂಖ್ಯೆ ಕಡಿಮೆ, ಆದರೆ ಬೇರು ಹಳೆಯದು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ 1557ರಲ್ಲೇ ಚರ್ಚು ಕಟ್ಟಲಾಗಿತ್ತೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಆಗ ಅದು ಬಿಜಾಪುರದ ಆದಿಲಶಾಹಿಗಳ ಕಾಲ.

ಹುಬ್ಬಳ್ಳಿ-ಧಾರವಾಡ 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರುತ್ತದೆ. ಹುಬ್ಬಳ್ಳಿಗೆ ರೈಲು ಬಂದಾಗ, ರೈಲ್ವೆ ವರ್ಕ್‌ಶಾಪ್ ಬೆಳೆದಾಗ, ತಮಿಳು, ಕೊಂಕಣಿ, ತೆಲುಗು ಮಾತಾಡುವ ಕುಟುಂಬಗಳು ಬಂದು ನೆಲೆಸಿದವು. ಧಾರವಾಡದಿಂದ ಹಳಿಯಾಳದ ದಾರಿ ಹಿಡಿದರೆ ಕಥೋಲಿಕ ಸಿದ್ದಿಗಳ ಊರುಗಳು ಸಿಗುತ್ತವೆ. ಅವರ ಮನೆಮಾತಿನಲ್ಲಿ ಕೊಂಕಣಿಯಿದೆ, ಸಂತೆಯಲ್ಲಿ ಆಡುವ ಮಾತು ಕನ್ನಡ. ಬೆಳಗಾವಿಯ ಕಡೆ ಹೋದರೆ ಮರಾಠಿ ಸೇರಿಕೊಳ್ಳುತ್ತದೆ.

ಹೀಗಾಗಿ ಒಂದೇ ಚರ್ಚಿನಲ್ಲಿ ಕೂತವರ ಮನೆಯ ಮಾತು ನಾಲ್ಕೈದು ಬಗೆಯದು. ಎಲ್ಲರನ್ನೂ ಒಂದಾಗಿ ಕೂಡಿಸುವ ಮಾತು ಕನ್ನಡ. ಆ ಕನ್ನಡವನ್ನು ಪೀಠದ ಬಳಿ ನಿಂತು ಆಡುವವರು ಯಾರು, ಅವರಿಗೆ ಅದನ್ನು ಯಾರು ಕಲಿಸಿದರು ಎಂಬ ಪ್ರಶ್ನೆಗೆ ತೂಕ ಬರುವುದು ಇದರಿಂದಲೇ.

ಲ್ಯಾಟಿನ್ ಹೋಯಿತು, ಕನ್ನಡ ಬಂತು, ಆಮೇಲೆ?

ಈಗ 70 ದಾಟಿದ ಹಿರಿಯರನ್ನು ಕೇಳಿದರೆ ಲ್ಯಾಟಿನ್ ಪೂಜೆಯ ನೆನಪು ಹೇಳುತ್ತಾರೆ. ಗುರುಗಳು ಪೀಠದ ಕಡೆ ಮುಖ ಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಅರ್ಪಿಸುತ್ತಿದ್ದರು. ಜನ ಜಪಮಾಲೆ ಹಿಡಿದು ಕೂತಿರುತ್ತಿದ್ದರು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ಶಾಸನ ಇದನ್ನು ಬದಲಿಸಿತು. ಜನರ ಭಾಷೆಯಲ್ಲಿ ಪೂಜೆ ನಡೆಸಲು ದಾರಿ ತೆರೆಯಿತು. ಆರಾಧನೆಯಲ್ಲಿ ಜನ ಸುಮ್ಮನೆ ನೋಡುತ್ತ ಕೂರಬಾರದು, ತಿಳಿದು ಪಾಲ್ಗೊಳ್ಳಬೇಕು ಎಂದಿತು.

ಅದೇ ಶಾಸನದಲ್ಲಿ ಇನ್ನೆರಡು ಮಾತುಗಳಿವೆ. ಒಂದು: ಮೊದಲು ಗುರುಗಳೇ ಆರಾಧನೆಯ ಮರ್ಮ ಕಲಿಯದಿದ್ದರೆ ಜನ ಕಲಿಯುತ್ತಾರೆಂದು ಆಸೆ ಇಟ್ಟುಕೊಳ್ಳುವುದು ವ್ಯರ್ಥ. ಎರಡು: ಪೀಠಸೇವಕರು, ವಾಚಕರು, ಗಾನವೃಂದದವರು ಮಾಡುವುದು ನಿಜವಾದ ಆರಾಧನಾ ಸೇವೆ, ಆದ್ದರಿಂದ ಅವರಿಗೂ ತರಬೇತಿ ಕೊಡಬೇಕು. ಅಂದರೆ ತರಬೇತಿಯ ಮಾತು ಇವತ್ತಿನ ಹೊಸ ಬೇಡಿಕೆಯಲ್ಲ, 60 ವರ್ಷಗಳ ಹಿಂದೆಯೇ ಒಪ್ಪಿಕೊಂಡ ಜವಾಬ್ದಾರಿ.

ಇಡೀ ದೇಶಕ್ಕೆ ಈ ಕೆಲಸ ಮಾಡುವ ಕೇಂದ್ರ ಶುರುವಾದದ್ದು ನಮ್ಮ ರಾಜ್ಯದಲ್ಲೇ. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಆರಂಭವಾಯಿತು. ಅದನ್ನು ಕಟ್ಟಿದವರು ಡಿ.ಎಸ್. ಅಮಲೋರ್‌ಪವದಾಸ್ ಎಂಬ ಗುರು. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನದ ಪ್ರಾಧ್ಯಾಪಕರಾದರು, ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು. 1969ರಲ್ಲಿ ಭಾರತದ ಚರ್ಚಿಗೆ 12 ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ, ಆರತಿ: ಇವೆಲ್ಲ ಅದರಲ್ಲಿದ್ದವು.

ನಮ್ಮ ಹತ್ತಿರದಲ್ಲೇ ಇನ್ನೂ ಮುಂದೆ ಹೋದವರಿದ್ದಾರೆ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು, ಶಾಕಾಹಾರಿಗಳಾಗಿ, ವಿರಕ್ತಮಠದ ರೀತಿಯಲ್ಲಿ ಬಾಳಿದ್ದಾರೆ. ಅಲ್ಲಿಯ ಚರ್ಚಿನ ಹೆಸರಲ್ಲೂ 'ವಿರಕ್ತಮಠ' ಎಂದೇ ಇದೆ.

ಇಷ್ಟೆಲ್ಲ ಆದರೂ ಆರತಿ ಯಾಕೆ, ಯಾವಾಗ, ಹೇಗೆ ಎಂದು ತಟ್ಟೆ ಹಿಡಿಯುವ ಹುಡುಗಿಗೆ ಯಾರಾದರೂ ಕೂಡಿಸಿಕೊಂಡು ಹೇಳಿದ್ದಾರೆಯೇ? ಹೇಳಿದ್ದರೆ ಅದು ಆರಾಧನೆ. ಹೇಳದಿದ್ದರೆ ಶಾಲೆಯ ವಾರ್ಷಿಕೋತ್ಸವದ ಸ್ವಾಗತ ನೃತ್ಯದಂತೆ ಅದೂ ಒಂದು ಕಾರ್ಯಕ್ರಮವಾಗಿ ಉಳಿಯುತ್ತದೆ. ಭಾಷೆ ಬದಲಾಯಿತು, ಪದ್ಧತಿ ಬದಲಾಯಿತು. ಕಲಿಸುವ ಕೆಲಸ ಮಾತ್ರ ಬೆಂಗಳೂರಿನಿಂದ ಹಳ್ಳಿಯ ತನಕ ಬರುವಷ್ಟರಲ್ಲಿ ತೆಳ್ಳಗಾಗಿಬಿಟ್ಟಿದೆ.

ಕೆಲಸ ಸಣ್ಣದಲ್ಲ

ಹಳ್ಳಿಯಲ್ಲಿ ಸೇವೆ ಮಾಡುವ ಶ್ರೀಸಾಮಾನ್ಯರ ಮೇಲೆ ಏನೇನು ಹೊರೆ ಇದೆ ಎಂದು ಒಮ್ಮೆ ನೋಡಿ.

ಬಲಿಪೂಜೆಯ ಭಾನುವಾರದ ವಾಚನಗಳು ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ. ಹೆಚ್ಚಿನ ಭಾನುವಾರಗಳಲ್ಲಿ ಮೊದಲ ವಾಚನ ಹಳೆಯ ಒಡಂಬಡಿಕೆಯಿಂದ, ಆಮೇಲೆ ಕೀರ್ತನೆ, ಎರಡನೆಯ ವಾಚನ ಪ್ರೇಷಿತರ ಪತ್ರಗಳಿಂದ, ಕೊನೆಗೆ ಶುಭಸಂದೇಶ. ಶುಭಸಂದೇಶ ಗುರುಗಳದ್ದು. ಉಳಿದ ಮೂರೂ ಜನರದ್ದು. ಪಾಸ್ಖ ಹಬ್ಬದ ರಾತ್ರಿ ಹಳೆಯ ಒಡಂಬಡಿಕೆಯಿಂದಲೇ ಏಳು ವಾಚನಗಳಿರುತ್ತವೆ.

ಗುರುಗಳು ಬಾರದ ಭಾನುವಾರಗಳಿಗಾಗಿ ರೋಮ್ 1988ರಲ್ಲಿ ಬೇರೆಯೇ ಮಾರ್ಗದರ್ಶಿ ಹೊರಡಿಸಿತು. ಅದರಂತೆ ತರಬೇತಿ ಪಡೆದ ಶ್ರೀಸಾಮಾನ್ಯರು ಪ್ರಾರ್ಥನೆ ನಡೆಸಬಹುದು, ವಾಚನ ಓದಿಸಬಹುದು, ಮೊದಲೇ ಪವಿತ್ರಗೊಳಿಸಿಟ್ಟ ಪರಮಪ್ರಸಾದವನ್ನು ಅಪ್ಪಣೆ ಇದ್ದರೆ ಹಂಚಬಹುದು. ಆದರೆ ಅದು ಬಲಿಪೂಜೆಯಲ್ಲ. ನಡೆಸುವವರು ಗುರುಗಳ ಕುರ್ಚಿಯಲ್ಲಿ ಕೂರುವಂತಿಲ್ಲ, ಗುರುಗಳಿಗೆ ಮೀಸಲಾದ ಪ್ರಾರ್ಥನೆ ಹೇಳುವಂತಿಲ್ಲ. ಗುರುಗಳು ಬರೆದುಕೊಟ್ಟ ಪ್ರಬೋಧನೆಯನ್ನು ಓದಬಹುದು. ಇದನ್ನೆಲ್ಲ ಕಲಿಸದೆ ಒಬ್ಬ ಹಿರಿಯರನ್ನು ಮುಂದೆ ನಿಲ್ಲಿಸಿದರೆ ಎರಡರಲ್ಲಿ ಒಂದಾಗುತ್ತದೆ. ಅವರು ಹೆದರಿ ಜಪಮಾಲೆಯನ್ನಷ್ಟೇ ಹೇಳಿ ಮುಗಿಸುತ್ತಾರೆ, ಇಲ್ಲವೇ ಗುರುಗಳಂತೆಯೇ ಎಲ್ಲವನ್ನೂ ಮಾಡಲು ಹೋಗುತ್ತಾರೆ. ಮುಂದೆ ಜಗಳ ಬರುವುದು ಅಲ್ಲಿಂದಲೇ.

ಇನ್ನು ಸಾವು ಮುಹೂರ್ತ ನೋಡಿ ಬರುವುದಿಲ್ಲ. ಮಳೆಗಾಲದ ರಾತ್ರಿ ಊರಲ್ಲಿ ಹಿರಿಯ ಜೀವವೊಂದು ಹೋದರೆ, ಗುರುಗಳು ಮೂವತ್ತು-ನಲವತ್ತು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಊರಿನಲ್ಲಿದ್ದರೆ ಏನು ಮಾಡುವುದು? ಗುರುಗಳು ಸಿಗದಿದ್ದಾಗ, ಅನುಮತಿ ಇರುವ ಕಡೆ, ಮನೆಯಲ್ಲೂ ಸಮಾಧಿಯ ಬಳಿಯೂ ಶ್ರೀಸಾಮಾನ್ಯರೇ ಪ್ರಾರ್ಥನೆ ನಡೆಸಲು ಚರ್ಚಿನ ವಿಧಿಯಲ್ಲಿ ಅವಕಾಶವಿದೆ. ಆ ಪುಸ್ತಕ ಊರಿನಲ್ಲಿ ಇದೆಯೇ, ಅದನ್ನು ತೆರೆದು ಓದಬಲ್ಲವರು ಇದ್ದಾರೆಯೇ ಎಂಬುದು ಪ್ರಶ್ನೆ. ಅಳುವ ಮನೆಯ ಮುಂದೆ ನಿಂತು ಪುಟ ಹುಡುಕುವ ಸ್ಥಿತಿ ಯಾರಿಗೂ ಬರಬಾರದು.

ಹುಟ್ಟಿದ ಕೂಸು ಉಳಿಯುವುದಿಲ್ಲ ಎಂಬ ಗಳಿಗೆಯೂ ಹಾಗೆಯೇ. ಅಂಥ ತುರ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ಚರ್ಚಿನ ಕಾನೂನೇ ಹೇಳುತ್ತದೆ. ನೀರು ಸುರಿಯುತ್ತ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಸ್ನಾನ ಕೊಡುವ ಆ ನಾಲ್ಕು ಮಾತು ಸರಿಯಾಗಿ ಬರಬೇಕು. ಹಳ್ಳಿಯ ಎಷ್ಟು ತಾಯಂದಿರಿಗೆ, ಅಜ್ಜಿಯರಿಗೆ ಇದು ಗೊತ್ತಿದೆ?

ಓದು ಒಂದು ಕಸುಬು

ನಾವು ಪತ್ರಿಕೋದ್ಯಮ ಕಲಿತವರು. ಹೀಗಾಗಿ ಓದುವ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇವೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಹೊಲದಲ್ಲಿ ರೇಡಿಯೋ ಇಟ್ಟುಕೊಂಡು ಅದರ ಕನ್ನಡ ಕೇಳಿ ಬೆಳೆದವರು ನಮ್ಮ ಅಪ್ಪ-ಅಜ್ಜಂದಿರು. ಆ ಕನ್ನಡ ಅಷ್ಟು ಚೆನ್ನಾಗಿ ಕಿವಿಗೆ ಬಿದ್ದದ್ದು ಸುಮ್ಮನೆ ಅಲ್ಲ. ವಾರ್ತೆ ಓದುವವರು ಕಾಗದವನ್ನು ಮೊದಲೇ ಓದಿಕೊಳ್ಳುತ್ತಾರೆ. ಎಲ್ಲಿ ಉಸಿರು ತೆಗೆಯಬೇಕು, ಯಾವ ಹೆಸರು ಹೇಗೆ ಹೇಳಬೇಕು ಎಂದು ಗುರುತು ಮಾಡಿಕೊಳ್ಳುತ್ತಾರೆ. ಹತ್ತು ನಿಮಿಷದ ವಾರ್ತೆಗೆ ಇಷ್ಟು ಸಿದ್ಧತೆ ಬೇಕಾದರೆ, ಜನ ದೇವರ ಮಾತು ಎಂದು ನಂಬಿ ಕೇಳುವ ವಾಚನಕ್ಕೆ ಎಷ್ಟು ಬೇಕು?

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲ, ಅಲ್ಲ, ಬೇಡ, ಕೂಡದು ಎಲ್ಲವೂ ಕೊನೆಗೇ. ನಮ್ಮಲ್ಲಿ ಬಹಳ ಜನಕ್ಕೆ ವಾಕ್ಯದ ಕೊನೆಯಲ್ಲಿ ದನಿ ಇಳಿಸುವ ರೂಢಿ ಇದೆ. ಆಗ ಏನಾಗುತ್ತದೆ? ಹತ್ತು ಕಟ್ಟಳೆಗಳನ್ನೇ ತೆಗೆದುಕೊಳ್ಳಿ. ಕೊಲೆ ಬೇಡ, ಕಳವು ಬೇಡ ಎನ್ನುವಾಗ 'ಬೇಡ' ಕೇಳಿಸದಿದ್ದರೆ ಹಿಂದಿನ ಬೆಂಚಿನವರಿಗೆ ಉಳಿಯುವುದು ಕೊಲೆ ಮತ್ತು ಕಳವು ಮಾತ್ರ. ನಗುವ ಮಾತಲ್ಲ, ಮೈಕು ಕೈಕೊಟ್ಟ ದಿನ ಇದು ನಿಜವಾಗಿಯೂ ಆಗುತ್ತದೆ.

ಪೌಲನ ಪತ್ರಗಳಲ್ಲಿ ಒಂದು ವಾಕ್ಯ ನಾಲ್ಕೈದು ಸಾಲು ಓಡುತ್ತದೆ. ನಡುವೆ ತಪ್ಪಾದ ಜಾಗದಲ್ಲಿ ಉಸಿರು ತೆಗೆದರೆ ಯಾರು ಯಾರಿಗೆ ಏನು ಹೇಳಿದರು ಎಂಬುದೇ ತಿಳಿಯುವುದಿಲ್ಲ. ಥೆಸಲೋನಿಕ, ಮೆಲ್ಕಿಸೆದೇಕ, ನೆಬೂಕದ್ನೆಚ್ಚರ ಎಂಬ ಹೆಸರುಗಳು ಎದುರಾದಾಗ ನಾಲಿಗೆ ತೊಡರುತ್ತದೆ. ಓದುವ ಹುಡುಗಿ ಅಲ್ಲಿ ನಿಂತು ಬಿಕ್ಕಿದರೆ ಗೆಳತಿಯರು ಕಿಸಕ್ಕನೆ ನಗುತ್ತಾರೆ. ಮುಂದಿನ ವಾರ ಆಕೆ ಬಾಗಿಲ ಬಳಿ ಕೂರುತ್ತಾಳೆ, ಮತ್ತೆ ಕರೆದರೂ ಬರುವುದಿಲ್ಲ. ಒಂದು ಸಂಜೆ ಅರ್ಧ ತಾಸು ಜೊತೆಗೆ ಕೂತು ಓದಿಸಿದ್ದರೆ ಆ ಊರಿಗೆ ಒಬ್ಬ ಒಳ್ಳೆಯ ವಾಚಕಿ ಸಿಗುತ್ತಿದ್ದಳು.

ಪುಸ್ತಕದ ಕನ್ನಡಕ್ಕೂ ನಮ್ಮ ಮಾತಿನ ಕನ್ನಡಕ್ಕೂ ದೂರವಿದೆ ಎಂಬುದನ್ನೂ ಒಪ್ಪಬೇಕು. "ಹೋಗ್ತೀನ್ರಿ, ಬರ್ತೀನ್ರಿ" ಎನ್ನುವ ಬಾಯಿಗೆ "ಕರುಣಿಸಿರಿ, ಅನುಗ್ರಹಿಸಿರಿ" ಎಂಬುದು ಬೇರೆಯೇ ಮಾತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ದಶಕಗಳ ಹೋರಾಟ ನಡೆದಿದೆ. ಅದು ಯಾವ ಭಾಷೆ ಎಂಬ ಹೋರಾಟ. ನಮ್ಮ ಭಾಗದ ಪ್ರಶ್ನೆ ಮುಂದಿನ ಹೆಜ್ಜೆಯದು: ಕನ್ನಡ ಬಂದಿದೆ, ಆದರೆ ಅದು ಕೇಳುವವರ ಎದೆಗೆ ಮುಟ್ಟುತ್ತಿದೆಯೇ?

ನಮ್ಮ ನೆಲಕ್ಕೆ ಇದು ಹೊಸದಲ್ಲ

ಬಂದವರು ಕಲಿತು ಮಾತಾಡಿದ ಉದಾಹರಣೆ ನಮ್ಮಲ್ಲಿ ಬೇಕಾದಷ್ಟಿದೆ. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಇನ್ನೊಂದು ಸಭೆಯವರಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅವರ ಪೈಕಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಕ್ರಿಸ್ತನ ಕಥೆಯನ್ನು ಅವರು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ'ಯಾಗಿ ಬರೆದಿದ್ದರು. ಜರ್ಮನಿಯಿಂದ ಬಂದವರು ಅಷ್ಟು ಕಲಿತರು. ಇಲ್ಲೇ ಹುಟ್ಟಿದವರಿಗೆ ಕಲಿಸಲು ನಮಗೆ ಪುರುಸೊತ್ತಿಲ್ಲ ಎಂದರೆ ಹೇಗೆ?

ಬೇರೆ ಪರಂಪರೆಗಳನ್ನು ನೋಡಿ. ಮಠಕ್ಕೆ ಸ್ವಾಮಿಗಳಾಗುವವರಿಗೆ ಸರಿಯಾದ ಶಿಕ್ಷಣ ಬೇಕೆಂದು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ ಹಾಕಿ ಸಂಗೀತ ಕಲಿಸಿದರು. ಅಷ್ಟು ದೂರ ಯಾಕೆ, ನಿಮ್ಮೂರ ಜಾತ್ರೆಯ ಬಯಲಾಟವನ್ನೇ ನೆನೆಯಿರಿ. ಒಂದು ರಾತ್ರಿಯ ಆಟಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಗುಡಿಯ ಕಟ್ಟೆಯ ಮೇಲೆ ಕೂತು ಮಾತು, ಪದ, ಹೆಜ್ಜೆ ಕಲಿಯುತ್ತಾರೆ. ಕಲಿಸುವ ಮಾಸ್ತರರು ಊರಿಗೇ ಬಂದು ಉಳಿಯುತ್ತಾರೆ.

ಆರಾಧನೆಗೂ ಇಂಥ ತಾಲೀಮು ಬೇಕು. ಮಾಸ್ತರರು ಊರಿಗೆ ಬರುವ ರೀತಿ ನಮ್ಮ ಜನಕ್ಕೆ ಹೊಂದುತ್ತದೆ. ಊರೆಲ್ಲ ಪಟ್ಟಣಕ್ಕೆ ಹೋಗುವ ರೀತಿ ಹೊಂದುವುದಿಲ್ಲ.

ತರಬೇತಿ ಎಲ್ಲಿ ತಡೆಯುತ್ತದೆ

ಶಿಬಿರಗಳು ನಡೆಯುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅವು ಯಾರಿಗೆ ಹೊಂದುತ್ತವೆ ಎಂಬುದನ್ನು ನೋಡಬೇಕು. ಶಿಬಿರ ಪಟ್ಟಣದಲ್ಲಿದ್ದರೆ ಕೂಲಿಯವರಿಗೆ ಒಂದು ದಿನದ ಪಗಾರ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಬಂದರೆ ಹಳ್ಳಿಯವರು ತಲೆಯಾಡಿಸುತ್ತಾರೆ, ಊಟ ಮಾಡುತ್ತಾರೆ, ಊರಿಗೆ ಬರುತ್ತಾರೆ. ಕಲಿತದ್ದನ್ನು ಮುಂದಿನ ವಾರ ಯಾರೂ ಕೇಳುವುದಿಲ್ಲ. ಹೋಗಿ ಬಂದವರು ಮದುವೆಯಾಗಿ ಬೇರೆ ಊರು ಸೇರಿದರೆ, ದುಡಿಯಲು ಗೋವಾಕ್ಕೆ ಹೋದರೆ, ಮತ್ತೆ ಮೊದಲಿನಿಂದ ಶುರು.

"ಭಕ್ತಿ ಇದ್ದರ ಸಾಕ್ರಿ, ದೇವರು ತಪ್ಪು ಎಣಸ್ತಾನೇನು?" ಎಂಬ ಮಾತೂ ಇದೆ. ಅದರಲ್ಲಿ ಸತ್ಯವಿದೆ. ಅಜ್ಜಿಯೊಬ್ಬಳು ಮೂಲೆಯಲ್ಲಿ ಕೂತು ತನಗೆ ತಿಳಿದಂತೆ ಪ್ರಾರ್ಥಿಸಿದರೆ ಯಾರೂ ತಪ್ಪು ಹುಡುಕಬಾರದು. ಆದರೆ ವಾಚಕರು ಓದುವುದು ತಮಗಾಗಿ ಅಲ್ಲ, ಸಭೆಗಾಗಿ. ಅವರ ಓದು ತಿಳಿಯದಿದ್ದರೆ ದೇವರಿಗೆ ನಷ್ಟವಿಲ್ಲ, ಕೂತ ಜನಕ್ಕೆ ನಷ್ಟ. ಅದರಲ್ಲೂ ಓದು ಬಾರದವರಿಗೆ ದೊಡ್ಡ ನಷ್ಟ. ಬೈಬಲ್ ಅವರ ಕಿವಿಗೆ ಬೀಳುವುದು ಹೆಚ್ಚಾಗಿ ಆ ಹತ್ತು ನಿಮಿಷದಲ್ಲೇ.

"ಕಲಿತವರು ಗುರುಗಳಿಗೇ ಎದುರು ನಿಲ್ಲುತ್ತಾರೆ" ಎಂಬ ಅಂಜಿಕೆಯೂ ಕೆಲವರಲ್ಲಿದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ನಮ್ಮ ಅನಿಸಿಕೆ ಬೇರೆ. ತನ್ನ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯದವರೇ ಗೆರೆ ದಾಟುವುದು. ತಿಳಿದವರು ಗುರುಗಳ ಭಾರ ಇಳಿಸುತ್ತಾರೆ.

ಹೆಣ್ಣುಮಕ್ಕಳ ಹಕ್ಕಿನ ಮಾತು

ಹಳ್ಳಿಯ ಚರ್ಚಿನಲ್ಲಿ ಕಸ ಗುಡಿಸುವವರು, ಹೂವು ಇಡುವವರು, ಮಕ್ಕಳಿಗೆ ಕಲಿಸುವವರು, ಹಾಡು ಎತ್ತಿಕೊಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಆದರೆ ಅಧಿಕೃತವಾಗಿ ವಾಚಕ ಮತ್ತು ಪೀಠಸೇವಕ ಎಂಬ ಹುದ್ದೆ ಅವರಿಗೆ ಇರಲಿಲ್ಲ. 1972ರಲ್ಲಿ ಆರನೇ ಪೌಲ್ ಪೋಪರು ಈ ಎರಡು ಸೇವೆಗಳನ್ನು ಶ್ರೀಸಾಮಾನ್ಯರಿಗೆ ತೆರೆದಾಗ ಅದು ಗಂಡಸರಿಗೆ ಮಾತ್ರ ಎಂದಿತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಚರ್ಚಿನ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೂ ತೆರೆದರು. ಅದೇ ವರ್ಷ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಯನ್ನೂ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಅವರಿಗೆ ಬೈಬಲ್, ದೈವಶಾಸ್ತ್ರ, ಕಲಿಸುವ ರೀತಿ ಇವುಗಳಲ್ಲಿ ತಕ್ಕ ಶಿಕ್ಷಣ ಕೊಡಬೇಕೆಂದು ಅದರಲ್ಲೇ ಬರೆದರು. 2022ರಲ್ಲಿ ಇಡೀ ಚರ್ಚಿಗೆ ಆರಾಧನೆಯ ಶಿಕ್ಷಣದ ಬಗ್ಗೆಯೇ ಒಂದು ಪತ್ರ ಬರೆದರು.

ಕಾಗದದ ಮೇಲೆ ಬಾಗಿಲು ತೆರೆದಿದೆ. ಒಳಗೆ ಕರೆಯುವವರು ಬೇಕು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿದ ಒಬ್ಬ ತಾಯಿಗೆ ಸಭೆಯ ಮುಂದೆ ನಿಲ್ಲಿಸಿ "ಇದು ನಿಮ್ಮ ಸೇವೆ, ಇದಕ್ಕೆ ನಿಮ್ಮನ್ನು ನೇಮಿಸಿದ್ದೇವೆ" ಎಂದು ಹೇಳಿದರೆ ಆಕೆಯ ನಡಿಗೆಯೇ ಬದಲಾಗುತ್ತದೆ. ಆಕೆಯ ಮಗಳು ಅದನ್ನು ನೋಡುತ್ತಾಳೆ.

ಏನು ಮಾಡಬಹುದು

ನಮಗೆ ತೋಚಿದ ಕೆಲವು ಸಂಗತಿಗಳನ್ನು ಮುಂದಿಡುತ್ತೇವೆ. ಇವಕ್ಕೆ ದೊಡ್ಡ ದುಡ್ಡು ಬೇಡ.

ಮೊದಲನೆಯದು, ತರಬೇತಿ ಊರಿಗೆ ಬರಲಿ. ಹತ್ತಿರದ ಮೂರ್ನಾಲ್ಕು ಊರು ಸೇರಿಸಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಎರಡು ತಾಸು ಸಾಕು. ಹನ್ನೆರಡು ತಿಂಗಳಿಗೆ ಹನ್ನೆರಡು ಪಾಠ: ವಾಚನ, ಕೀರ್ತನೆ, ಪೀಠಸೇವೆ, ಗುರುಗಳಿಲ್ಲದ ಭಾನುವಾರ, ಸಾವಿನ ಮನೆಯ ಪ್ರಾರ್ಥನೆ, ತುರ್ತು ದೀಕ್ಷಾಸ್ನಾನ, ತಪಸ್ಸುಕಾಲ, ಪವಿತ್ರ ವಾರ ಹೀಗೆ. ಸುಗ್ಗಿ, ಬಿತ್ತನೆಯ ಹೊತ್ತು ನೋಡಿ ದಿನ ಇಡಬೇಕು.

ಎರಡನೆಯದು, ವಾಚನದ ಪಾಳಿ ಒಂದು ವಾರ ಮೊದಲೇ ಗೊತ್ತಾಗಲಿ. ಚರ್ಚಿನ ಗೋಡೆಗೆ ಒಂದು ಹಾಳೆ ಅಂಟಿಸಿದರೆ ಸಾಕು. "ಇವತ್ತ ಯಾರು ಓದ್ತೀರಿ?" ಎಂಬ ಪ್ರಶ್ನೆಯೇ ಹುಟ್ಟಬಾರದು.

ಮೂರನೆಯದು, ಕೈಯಲ್ಲಿರುವ ಫೋನನ್ನೇ ಬಳಸಿ. ಓದುವವರು ಶುಕ್ರವಾರ ರಾತ್ರಿ ತಮ್ಮ ವಾಚನವನ್ನು ರೆಕಾರ್ಡ್ ಮಾಡಿ ತಾವೇ ಕೇಳಲಿ. ತಪ್ಪ ತಾವೇ ಹಿಡಿಯುತ್ತಾರೆ. ಚೆನ್ನಾಗಿ ಓದಬಲ್ಲವರೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ "ಇಲ್ಲಿ ನಿಲ್ಲವಾ, ಅಲ್ಲಿ ದನಿ ಇಳಸಬ್ಯಾಡ" ಎಂದು ಹೇಳಿಕೊಡಬಹುದು. ಓದು ಬಾರದ, ಆದರೆ ದನಿ ಚೆನ್ನಾಗಿರುವ ಹೆಣ್ಣುಮಕ್ಕಳು ಕೀರ್ತನೆಯನ್ನು ಕೇಳಿಯೇ ಕಲಿಯಬಲ್ಲರು. ಹಂತಿ ಪದ, ಸೋಬಾನೆ ಪದ ಕಲಿತದ್ದು ಹಾಗೆಯೇ ಅಲ್ಲವೇ?

ನಾಲ್ಕನೆಯದು, ವಿದ್ಯಾನಗರದ ಮಕ್ಕಳು. ಹುಬ್ಬಳ್ಳಿಯ ಈ ವಿದ್ಯಾನಗರಕ್ಕೆ ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆಂದು ಬರುವ ಮಕ್ಕಳು ಸಾವಿರಾರು. ಹಾಸ್ಟೆಲ್ಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು, ಚಿಗರಿ ಬಸ್ಸಿನಲ್ಲಿ ಓಡಾಡಿ, ಶನಿವಾರ ಊರಿನ ಬಸ್ಸು ಹಿಡಿಯುತ್ತಾರೆ. ಅವರಲ್ಲಿ ಕಥೋಲಿಕ ಮಕ್ಕಳೂ ಇದ್ದಾರೆ. ಅವರಿಗೆ ವಾರದ ನಡುವೆ ಒಂದು ಸಂಜೆ ಇಲ್ಲೇ ಚೆನ್ನಾಗಿ ತರಬೇತಿ ಕೊಟ್ಟರೆ ಅವರೇ ಊರಿನ ಮಾಸ್ತರರಾಗುತ್ತಾರೆ. ಬಸ್ಸಿನ ಖರ್ಚೂ ಬೇಡ, ಹೇಗೂ ಊರಿಗೆ ಹೋಗುವವರೇ. ಕಲಿಯಲು ಪಟ್ಟಣಕ್ಕೆ ಹೋದ ಮಕ್ಕಳು ಊರಿಗೆ ಏನು ತಂದರು ಎಂದು ಹಿರಿಯರು ಕೇಳುತ್ತಾರೆ. ಇದನ್ನು ತಂದರು ಎಂದು ತೋರಿಸಬಹುದು.

ಐದನೆಯದು, ಪುಸ್ತಕ. ಸಾವಿನ ಮನೆಯ ಪ್ರಾರ್ಥನೆ, ಗುರುಗಳಿಲ್ಲದ ಭಾನುವಾರದ ವಿಧಿ, ತುರ್ತು ದೀಕ್ಷಾಸ್ನಾನ ಇವಿಷ್ಟೂ ದೊಡ್ಡ ಅಕ್ಷರದಲ್ಲಿ, ಸರಳ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕವಾಗಿ ಪ್ರತಿ ಊರಲ್ಲೂ ಇರಲಿ. ಅದು ಎಲ್ಲಿದೆ ಎಂದು ಮೂರು ಜನರಿಗಾದರೂ ಗೊತ್ತಿರಲಿ. ಕೀಲಿ ಹಾಕಿದ ಕಪಾಟಿನಲ್ಲಿದ್ದರೆ ಪುಸ್ತಕ ಇದ್ದೂ ಇಲ್ಲದಂತೆ.

ಕೊನೆಯದಾಗಿ, ಗುರುಗಳಲ್ಲಿ ಒಂದು ವಿನಂತಿ. ನೀವು ಹತ್ತು ವರ್ಷ ಕಲಿತದ್ದರಲ್ಲಿ ಹತ್ತು ತಾಸನ್ನು ನಿಮ್ಮ ಊರಿನ ವಾಚಕರಿಗೆ ಕೊಡಿ. ಊರಿನ ಹಿರಿಯರಲ್ಲೂ ಒಂದು ವಿನಂತಿ. ಧರ್ಮಕೇಂದ್ರದ ಸಭೆಯಲ್ಲಿ ಪೆಂಡಾಲ್, ಮೈಕ್‌ಸೆಟ್, ಹಬ್ಬದ ಊಟದ ಲೆಕ್ಕ ಮುಗಿದ ಮೇಲೆ ಈ ಪ್ರಶ್ನೆಯನ್ನೂ ಎತ್ತಿ: ಈ ವರ್ಷ ಓದುವವರಿಗೆ, ಹಾಡುವವರಿಗೆ, ಕಲಿಸುವವರಿಗೆ ನಾವು ಏನು ಕಲಿಸಿದೆವು? ಮೈಕು ಎಷ್ಟು ಒಳ್ಳೆಯದಿದ್ದರೂ ಅದು ತಪ್ಪು ಓದನ್ನು ಇನ್ನೂ ಜೋರಾಗಿ ಕೇಳಿಸುತ್ತದೆ, ತಿದ್ದುವುದಿಲ್ಲ.

ಮುಂದಿನ ಪವಿತ್ರ ವಾರಕ್ಕೆ ಇನ್ನೂ ಸಮಯವಿದೆ. ಪಾಸ್ಖದ ರಾತ್ರಿಯ ಏಳು ವಾಚನಕ್ಕೆ ನಿಮ್ಮ ಊರಿನಲ್ಲಿ ಏಳು ಜನರನ್ನು ಈಗಲೇ ಗುರುತಿಸಿ. ಅವರಲ್ಲಿ ನಾಲ್ಕು ಜನ ಹೆಣ್ಣುಮಕ್ಕಳಿರಲಿ, ಇಬ್ಬರು ಹದಿನೆಂಟರ ಒಳಗಿನವರಿರಲಿ. ವಾರಕ್ಕೊಂದು ಸಂಜೆ ಕೂಡಿಸಿ ಓದಿಸಿ. ತಾಲೀಮು ಅಲ್ಲಿಂದಲೇ ಶುರುವಾಗಲಿ.